ಹಳೇ ಪೆಟ್ರೋಲ್ ಜೀಪಿನ ಎಸಿ ಪಂಪ್: ತೊಂದರೆ ಎಲ್ಲಿದೆ ಎಂದು ಹುಡುಕುವ ಬಗೆ

ಹಳೇ ಪೆಟ್ರೋಲ್ ಜೀಪು ದಾರಿಯಲ್ಲಿ ನಿಂತರೆ ಮೊದಲು ಬರುವ ಮಾತು, "ಎಸಿ ಪಂಪ್ ಹೋಗಿರ್ಬೇಕು". ಎಸಿ ಪಂಪ್ ಎಂದರೆ ಟ್ಯಾಂಕಿನಿಂದ ಪೆಟ್ರೋಲ್ ಎಳೆದು ಕಾರ್ಬೊರೇಟರಿಗೆ ಕಳಿಸುವ ಪಂಪ್, ಏರ್ ಕಂಡಿಷನರಿನದಲ್ಲ. ಪಂಪ್ ಬಿಚ್ಚುತ್ತಾರೆ, ಹೊಸದು ಹಾಕುತ್ತಾರೆ. ನಾಲ್ಕು ದಿನ ಓಡುತ್ತದೆ, ಆಮೇಲೆ ಮತ್ತೆ ಅದೇ ಜಾಗದಲ್ಲಿ ನಿಲ್ಲುತ್ತದೆ. ಯಾಕೆಂದರೆ ತೊಂದರೆ ಪಂಪಿನಲ್ಲಿ ಇರಲೇ ಇಲ್ಲ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಎಲ್ಲೋ ಗಾಳಿ ಎಳೆಯುತ್ತಿತ್ತು, ಇಲ್ಲವೇ ಕಸ ಕಟ್ಟಿತ್ತು. ಈ ಬರಹದಲ್ಲಿ ನಾನು ಒತ್ತಿ ಹೇಳುವುದು ಇಷ್ಟೇ: ಪಂಪಿನ ಬೋಲ್ಟಿಗೆ ಸ್ಪ್ಯಾನರ್ ಹಾಕುವ ಮೊದಲು ಟ್ಯಾಂಕಿನ ಮುಚ್ಚಳದಿಂದ ಶುರು ಮಾಡಿ.

ಇಲ್ಲಿ ಹೇಳುವುದು ಹರಿಕೇನ್ ಎಫ್4-134 ಎಂಜಿನ್ ಇರುವ ಸಿಜೆ-3ಬಿ ಜೀಪಿನ ಬಗ್ಗೆ. ವಿಲ್ಲೀಸ್ ಇದನ್ನು ತಂದದ್ದು 1953ರಲ್ಲಿ. ನಮ್ಮಲ್ಲಿ ಮಹೀಂದ್ರಾ ಅದನ್ನೇ ಬಹಳ ವರ್ಷ ಮಾಡಿತು. ಮಲೆನಾಡು, ಕೊಡಗಿನ ತೋಟಗಳ ಶೆಡ್ಡುಗಳಲ್ಲಿ ಇವತ್ತಿಗೂ ಕೆಲವು ಉಳಿದಿವೆ. ಎಷ್ಟೋ ಜೀಪುಗಳು ಡೀಸೆಲ್ ಎಂಜಿನ್‌ಗೆ ಬದಲಾದವು, ಹಾಗಾಗಿ ಪೆಟ್ರೋಲ್ ಎಂಜಿನ್ ಉಳಿಸಿಕೊಂಡವರಿಗೆ ಅದರ ಮೇಲೆ ಪ್ರೀತಿ ಜಾಸ್ತಿ. ನಿಮ್ಮದು ಡೀಸೆಲ್‌ಗೆ ಬದಲಾದ ಜೀಪಾದರೆ ಅದರ ಫೀಡ್ ಪಂಪಿನ ಲೆಕ್ಕವೇ ಬೇರೆ, ಇಲ್ಲಿ ಬರೆದದ್ದನ್ನು ಅದಕ್ಕೆ ಹಚ್ಚಬೇಡಿ.

ಪಂಪ್ ಕೆಲಸ ಮಾಡುವ ಬಗೆ

ಎಂಜಿನ್ನಿನ ಮುಂಭಾಗದಲ್ಲಿ, ಎಗ್ಜಾಸ್ಟ್ ಮ್ಯಾನಿಫೋಲ್ಡ್ (ಹೊಗೆ ಹೊರಹೋಗುವ ಎರಕದ ಕೊಳವೆ) ಇರುವ ಬದಿಯಲ್ಲೇ ಕೆಳಗೆ, ಎರಡು ಬೋಲ್ಟ್‌ಗಳಲ್ಲಿ ಕೂತಿರುವುದೇ ಪಂಪ್. ಒಳಗೆ ಕ್ಯಾಮ್‌ಶಾಫ್ಟ್ ಮೇಲೆ ಒಂದು ಓರೆ ಉಬ್ಬು ಇದೆ. ಅದು ತಿರುಗುತ್ತಾ ಪಂಪಿನ ಲಿವರನ್ನು ತಳ್ಳುತ್ತದೆ. ಲಿವರ್ ಡಯಾಫ್ರಾಮನ್ನು (ಬಾಗುವ ತೆಳು ಪರದೆ) ಕೆಳಗೆ ಎಳೆಯುತ್ತದೆ, ಆಗ ಟ್ಯಾಂಕಿನಿಂದ ಪೆಟ್ರೋಲ್ ಒಳಗೆ ಬರುತ್ತದೆ. ಉಬ್ಬು ದಾಟಿದ ಮೇಲೆ ಡಯಾಫ್ರಾಮಿನ ಕೆಳಗಿನ ಸ್ಪ್ರಿಂಗ್ ಅದನ್ನು ಮೇಲೆ ತಳ್ಳುತ್ತದೆ, ಪೆಟ್ರೋಲ್ ಕಾರ್ಬೊರೇಟರಿಗೆ ಹೋಗುತ್ತದೆ. ಪೆಟ್ರೋಲ್ ಹಿಂದಕ್ಕೆ ಹೋಗದಂತೆ ತಡೆಯಲು ಎರಡು ಪುಟ್ಟ ವಾಲ್ವ್‌ಗಳಿವೆ.

ಒಂದು ವಿಷಯ ಚೆನ್ನಾಗಿ ನೆನಪಿಟ್ಟುಕೊಳ್ಳಿ. ಎಳೆಯುವುದು ಎಂಜಿನ್, ತಳ್ಳುವುದು ಸ್ಪ್ರಿಂಗ್. ಹಾಗಾಗಿ ಎಷ್ಟು ಒತ್ತಡದಲ್ಲಿ ಪೆಟ್ರೋಲ್ ಹೋಗಬೇಕು ಎಂದು ತೀರ್ಮಾನಿಸುವುದು ಸ್ಪ್ರಿಂಗೇ. ಈ ಎಂಜಿನ್ನಿಗೆ 1800 ಆರ್‌ಪಿಎಂನಲ್ಲಿ 2.5ರಿಂದ 3.75 ಪಿಎಸ್‌ಐ ಸಾಕು. ಕಾರ್ಬೊರೇಟರ್ ತುಂಬಿ, ಪೆಟ್ರೋಲ್ ಒಳಬರುವ ಬಾಯನ್ನು ಅದರ ನೀಡಲ್ (ಸೂಜಿಯಂಥ ವಾಲ್ವ್) ಮುಚ್ಚಿದಾಗ ಡಯಾಫ್ರಾಮ್ ಕೆಳಗೇ ನಿಲ್ಲುತ್ತದೆ, ಲಿವರ್ ಸುಮ್ನೆ ಆಡುತ್ತಿರುತ್ತದೆ.

ಶುರು ಮಾಡುವ ಮೊದಲು

ಪೆಟ್ರೋಲಿನ ಕೆಲಸವನ್ನು ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ಬಯಲಲ್ಲಿ ಅಥವಾ ಬಾಗಿಲು ತೆರೆದಿಟ್ಟ ಶೆಡ್ಡಿನಲ್ಲಿ ಮಾಡಿ. ಬ್ಯಾಟರಿಯ ಅರ್ಥ್ ವೈರ್ ತೆಗೆಯಿರಿ. ಸೆಲ್ಫ್ ಹೊಡೆಯಬೇಕಾದ ಪರೀಕ್ಷೆಗೆ ಮಾತ್ರ ಅದನ್ನು ಮತ್ತೆ ಹಾಕಿ. ಬೀಡಿ, ಸಿಗರೇಟ್, ಹತ್ತಿರದಲ್ಲಿ ಉರಿಯುವ ಒಲೆ, ಬೆಳಕಿಗೆಂದು ಹಿಡಿಯುವ ಹಳೇ ತಂತಿಯ ಬಲ್ಬು, ಯಾವುದೂ ಬೇಡ. ಟಾರ್ಚ್ ಸಾಕು. ಡ್ರೈ ಪೌಡರ್ ಬೆಂಕಿ ನಂದಕ ಕೈಗೆಟಕುವ ಹಾಗಿರಲಿ. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಬೆಂಕಿ ತೇಲಿಕೊಂಡು ಹರಡುತ್ತದೆ.

ಬಾಯಿಂದ ಪೈಪ್ ಎಳೆಯುವ ಅಭ್ಯಾಸ ತುಂಬಾ ಜನಕ್ಕಿದೆ. ದಯವಿಟ್ಟು ಬಿಡಿ. ಒಂದು ಗುಟುಕು ಶ್ವಾಸಕೋಶಕ್ಕೆ ಹೋದರೆ ಆಸ್ಪತ್ರೆಯೇ ಗತಿ. ಹಾಗೇನಾದರೂ ಆದರೆ ವಾಂತಿ ಮಾಡಿಸಲು ಹೋಗಬೇಡಿ, ನೇರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಟ್ಯಾಂಕ್ ಸೀಟಿನ ಕೆಳಗಿದೆ. ಟ್ಯಾಂಕ್ ತುಂಬಿದ್ದರೆ ಪಂಪಿನ ಹತ್ತಿರ ಪೈಪ್ ಬಿಚ್ಚಿದ ಕೂಡಲೇ ಪೆಟ್ರೋಲ್ ತಾನಾಗೇ ಹರಿದು ಬರಬಹುದು. ತುದಿ ಮುಚ್ಚಲು ಒಂದು ರಬ್ಬರ್ ಬಿರಡೆ ಮೊದಲೇ ಸಿದ್ಧ ಇಟ್ಟುಕೊಳ್ಳಿ. ಪೆಟ್ರೋಲ್ ಹಿಡಿಯಲು ಪ್ಲಾಸ್ಟಿಕ್ ಬಕೆಟ್ ಬೇಡ, ಲೋಹದ ಡಬ್ಬಿ ಇರಲಿ.

"ಸೆಲ್ಫ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ"

ಮೊದಲು ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯಾ ನೋಡಿ. ಈ ಜೀಪುಗಳ ಗೇಜನ್ನು ನಂಬುವ ಹಾಗಿಲ್ಲ. ಶುಚಿಯಾದ ಕೋಲು ಇಳಿಸಿ ಅಳೆಯಿರಿ.

ಆಮೇಲೆ ಏರ್ ಕ್ಲೀನರಿನ ಪೈಪ್ ತೆಗೆದು ಕಾರ್ಬೊರೇಟರಿನ ಬಾಯಿಯೊಳಗೆ ಟಾರ್ಚ್ ಬಿಟ್ಟು ನೋಡಿ. ಎಂಜಿನ್ ನಿಂತಿರಲಿ, ಇಗ್ನಿಷನ್ ಆಫ್ ಇರಲಿ. ಕೈಯಿಂದ ಆಕ್ಸಿಲರೇಟರ್ ಲಿಂಕ್ ಎಳೆಯಿರಿ. ಒಳಗೆ ಸಣ್ಣ ಪೆಟ್ರೋಲ್ ಧಾರೆ ಚಿಮ್ಮಿದರೆ ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಇದೆ ಎಂದೇ ಅರ್ಥ. ಹಾಗಿದ್ದರೆ ಈ ಬರಹ ಪಕ್ಕಕ್ಕಿಟ್ಟು ಪ್ಲಗ್, ಪಾಯಿಂಟ್, ಕಂಡೆನ್ಸರ್ ಕಡೆ ಹೋಗಿ. ಧಾರೆ ಬರಲಿಲ್ಲವೆಂದರೆ ಮುಂದೆ ಓದಿ.

ಜೀಪು ತಿಂಗಳುಗಟ್ಟಲೆ ನಿಂತಿತ್ತಾ? ಹಾಗಾದರೆ ಇದು ರೋಗವೇ ಅಲ್ಲ. ಕಾರ್ಬೊರೇಟರಿನ ಪೆಟ್ರೋಲ್ ಆವಿಯಾಗಿ ಹೋಗಿರುತ್ತದೆ, ಪಂಪಿನ ವಾಲ್ವ್‌ಗಳು ಒಣಗಿರುತ್ತವೆ. ಒಣ ವಾಲ್ವ್ ಸರಿಯಾಗಿ ಮುಚ್ಚುವುದಿಲ್ಲ, ಗಾಳಿ ಹಿಂದೆ ಮುಂದೆ ಆಡುತ್ತಿರುತ್ತದೆ. ಕೆಲವು ಪಂಪುಗಳಿಗೆ ಕೈಯಲ್ಲಿ ಒತ್ತುವ ಪ್ರೈಮಿಂಗ್ ಲಿವರ್ ಇದೆ. ಪಂಪಿನ ಗಾಜಿನ ಬಟ್ಟಲು ತುಂಬುವವರೆಗೆ ಅದನ್ನು ಒತ್ತಿ. ಒತ್ತಿದರೆ ಏನೂ ಹಿಡಿತವೇ ಇಲ್ಲ, ಸಡಿಲವಾಗಿ ಆಡುತ್ತದೆ ಎಂದಾದರೆ ಪಂಪ್ ಕೆಟ್ಟಿದೆ ಎಂದುಕೊಳ್ಳಬೇಡಿ. ಕ್ಯಾಮಿನ ಉಬ್ಬು ಆಗಲೇ ಡಯಾಫ್ರಾಮನ್ನು ಪೂರ್ತಿ ಕೆಳಗೆ ಎಳೆದು ನಿಂತಿರಬಹುದು. ಗೇರ್ ನ್ಯೂಟ್ರಲ್ಲಿಗೆ ತಂದು, ಹ್ಯಾಂಡಲ್ ಹಾಕಿ ಎಂಜಿನ್ನನ್ನು ಸ್ವಲ್ಪ ತಿರುಗಿಸಿ ಮತ್ತೆ ಒತ್ತಿ ನೋಡಿ. ಇಗ್ನಿಷನ್ ಆಫ್ ಇರಲಿ. ಹೆಬ್ಬೆರಳು ಹ್ಯಾಂಡಲ್ಲನ್ನು ಸುತ್ತಿ ಹಿಡಿಯದೆ ಉಳಿದ ಬೆರಳುಗಳ ಕಡೆಯೇ ಇರಲಿ.

ಇನ್ನು ಆ ಗಾಜಿನ ಬಟ್ಟಲು. ಇಡೀ ಪೆಟ್ರೋಲ್ ದಾರಿಯಲ್ಲಿ ಕಣ್ಣಿಗೆ ಕಾಣುವ ಜಾಗ ಇದೊಂದೇ, ಹಾಗಾಗಿ ಇದನ್ನು ನಿಧಾನವಾಗಿ ನೋಡಿ. ಹೊರಗಿನ ಕೊಳೆ ಒರೆಸಿ ಹಿಂದಿನಿಂದ ಟಾರ್ಚ್ ಹಿಡಿಯಿರಿ. ತಳದಲ್ಲಿ ಕೆಂಪು ಪುಡಿ ಇದ್ದರೆ ಟ್ಯಾಂಕ್ ಒಳಗೆ ತುಕ್ಕು ಹಿಡಿದಿದೆ. ಪೆಟ್ರೋಲಿನ ಕೆಳಗೆ ಉರುಳಾಡುವ ಸ್ಪಷ್ಟ ಹನಿ ಕಂಡರೆ ಅದು ನೀರು. ತಳದಲ್ಲಿ ಮಬ್ಬಾದ ಬೇರೆ ಪದರವೇ ನಿಂತಿದ್ದರೆ ಅದು ನೀರು ಕುಡಿದ ಎಥನಾಲ್. ಬಟ್ಟಲು ಅರ್ಧಕ್ಕಿಂತ ಕಡಿಮೆ ಇದ್ದು ಮೇಲೆ ಗುಳ್ಳೆ ಆಡುತ್ತಿದ್ದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಆ ಎಲ್ಲೋ ಅನ್ನುವುದು ಬಹಳ ಸಲ ಅದೇ ಬಟ್ಟಲಿನ ಮೇಲಿನ ಕಾರ್ಕ್ ಪ್ಯಾಕಿಂಗ್ ಆಗಿರುತ್ತದೆ. ಕಾರ್ಕ್ ಒಣಗಿ ಕುಗ್ಗಿರುತ್ತದೆ, ಬಟ್ಟಲು ಗಟ್ಟಿ ಕೂತಂತೆ ಕಂಡರೂ ಗಾಳಿ ನುಸುಳುತ್ತದೆ. ಅಗ್ಗದ ಈ ಪ್ಯಾಕಿಂಗ್ ಬದಲಾಯಿಸದೆ ಇಡೀ ಪಂಪ್ ಬದಲಾಯಿಸಿದವರು ಎಷ್ಟೋ ಜನ. ಬಟ್ಟಲು ತೊಳೆದು, ಮೇಲಿನ ಜಾಲರಿಯನ್ನು ಮೆತ್ತಗಿನ ಬ್ರಷ್‌ನಲ್ಲಿ ಉಜ್ಜಿ, ಹೊಸ ಪ್ಯಾಕಿಂಗ್ ಹಾಕಿ. ಬಟ್ಟಲನ್ನು ಹಿಡಿದಿರುವ ತಂತಿಯ ಸ್ಕ್ರೂವನ್ನು ಕೈಯಿಂದಲೇ ಬಿಗಿ ಮಾಡಿ. ಇಕ್ಕಳ ಹಾಕಿದರೆ ಗಾಜು ಬಿರಿಯುತ್ತದೆ.

ಮುಂದಿನದು ಧಾರೆಯ ಪರೀಕ್ಷೆ. ಕಾಯಿಲ್‌ಗೆ ಇಗ್ನಿಷನ್ ಸ್ವಿಚ್ಚಿನಿಂದ ಬರುವ ಸಣ್ಣ ವೈರ್ ತೆಗೆದು ಟೇಪ್ ಸುತ್ತಿಡಿ. ಈಗ ಸೆಲ್ಫ್ ಹೊಡೆದರೂ ಕಿಡಿ ಹುಟ್ಟುವುದಿಲ್ಲ. ಕಾರ್ಬೊರೇಟರಿನ ಹತ್ತಿರ ಪೈಪ್ ಬಿಚ್ಚಿ, ಅದಕ್ಕೆ ಉದ್ದನೆಯ ರಬ್ಬರ್ ಪೈಪ್ ಸಿಕ್ಕಿಸಿ, ಬಿಸಿ ಭಾಗದಿಂದ ದೂರ ಇಟ್ಟ ಡಬ್ಬಿಗೆ ಬಿಡಿ. ಇನ್ನೊಬ್ಬರು ಹತ್ತು ಸೆಕೆಂಡ್ ಸೆಲ್ಫ್ ಹೊಡೆಯಲಿ. ಒಳ್ಳೆಯ ಪಂಪ್ ಒಂದೊಂದು ಹೊಡೆತಕ್ಕೂ ಗಟ್ಟಿಯಾಗಿ ಚಿಮ್ಮಿಸುತ್ತದೆ. ಸಣ್ಣಗೆ ಒಸರಿದರೆ ಎಳೆಯುವ ಶಕ್ತಿ ಇಲ್ಲ, ಇಲ್ಲವೇ ದಾರಿ ಕಟ್ಟಿದೆ. ಪೆಟ್ರೋಲ್ ಜೊತೆ ಗುಳ್ಳೆ ಉಗುಳಿದರೆ ಗಾಳಿ ಬರುತ್ತಿದೆ. ಏನೂ ಬರದಿದ್ದರೂ ಇನ್ನೂ ಪಂಪಿನ ತಪ್ಪು ಎನ್ನುವ ಹಾಗಿಲ್ಲ.

ತಪ್ಪು ಯಾರದೆಂದು ತೀರ್ಮಾನಿಸುವುದು ಈ ಪರೀಕ್ಷೆ. ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನ ಹತ್ತಿರ ಬಿಚ್ಚಿ ತುದಿಗೆ ಬಿರಡೆ ಹಾಕಿ. ಪಂಪಿನ ಒಳಬಾಯಿಗೆ ಒಂದು ಮೊಳ ಹೊಸ ಪೆಟ್ರೋಲ್ ಪೈಪ್ ಸಿಕ್ಕಿಸಿ, ಇನ್ನೊಂದು ತುದಿಯನ್ನು ಒಳ್ಳೆಯ ಪೆಟ್ರೋಲ್ ಇರುವ ಸಣ್ಣ ಕ್ಯಾನಿಗೆ ಇಳಿಸಿ. ಮತ್ತೆ ಸೆಲ್ಫ್ ಹೊಡೆಯಿರಿ. ಈಗ ಧಾರೆ ಚೆನ್ನಾಗಿ ಬಂದರೆ ಪಂಪ್ ಸರಿಯಾಗಿದೆ, ದೋಷ ಹಿಂದಿನ ಪೈಪಿನಲ್ಲೋ ಟ್ಯಾಂಕಿನಲ್ಲೋ ಇದೆ. ಈಗಲೂ ಬರದಿದ್ದರೆ ಮಾತ್ರ ಪಂಪ್ ಬಿಚ್ಚಲು ಕಾರಣ ಸಿಕ್ಕಿತು. ಐದು ನಿಮಿಷದ ಕೆಲಸ ಇದು. ಯಾವ ಮೆಕ್ಯಾನಿಕ್ ಹತ್ತಿರ ಹೋದರೂ ಇದನ್ನು ಮಾಡಿಸಿ ಆಮೇಲೆ ಪಂಪಿನ ಮಾತಾಡಿ.

ದೋಷ ಹಿಂದೆ ಇದೆ ಎಂದಾದರೆ ಚಾಸಿಯ ಪೈಪಿಗೂ ಪಂಪಿಗೂ ನಡುವೆ ಇರುವ ರಬ್ಬರ್ ಪೈಪನ್ನು ಮೊದಲು ನೋಡಿ. ಹೊರಗೆ ಚೆನ್ನಾಗಿದ್ದು ಒಳಗೆ ಪದರ ಎದ್ದಿರಬಹುದು. ಎಳೆದಾಗ ಆ ಪದರ ಬಾಗಿಲಂತೆ ಮುಚ್ಚಿಕೊಳ್ಳುತ್ತದೆ. ಬಗ್ಗಿಸಿದಾಗ ಬಿರುಕು ಕಂಡರೆ, ಮುಟ್ಟಿದಾಗ ಅಂಟಿದರೆ ಕಿತ್ತು ಎಸೆಯಿರಿ. ಎಳೆಯುವ ಬದಿಯ ಬಿರುಕಿನಲ್ಲಿ ಎಂಜಿನ್ ಓಡುವಾಗ ಪೆಟ್ರೋಲ್ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ ಅಷ್ಟೇ. ಅದಕ್ಕೇ ಇದು ಕಣ್ಣಿಗೆ ಬೀಳುವುದಿಲ್ಲ. ನಟ್ ಸುತ್ತ ಧೂಳು ಒದ್ದೆಯಾಗಿ ಕಪ್ಪಗೆ ಕಟ್ಟಿದ್ದರೆ ಅನುಮಾನ ಪಡಿ.

ಆಮೇಲೆ ಪೈಪ್ ಊದುವುದು. ಪಂಪಿನಿಂದ ಪೈಪ್ ಬಿಚ್ಚಿ, ಟ್ಯಾಂಕಿನ ಮುಚ್ಚಳ ತೆಗೆದು, ಸೈಕಲ್ ಪಂಪಿನಿಂದ ಟ್ಯಾಂಕಿನ ಕಡೆಗೆ ಗಾಳಿ ಹಾಕಿ. ಟ್ಯಾಂಕಿನೊಳಗೆ ಗುಳುಗುಳು ಸದ್ದು ಬರಬೇಕು. ಬಿಗಿಯಾಗಿ ತಡೆದು ಆಮೇಲೆ ಒಮ್ಮೆಲೇ ಬಿಟ್ಟರೆ ಟ್ಯಾಂಕಿನೊಳಗಿನ ಬಾಯಿಗೆ ಕಸ ಕಟ್ಟಿತ್ತು ಎಂದು ತಿಳಿಯಿರಿ. ಅದು ಮತ್ತೆ ಕಟ್ಟುತ್ತದೆ, ಟ್ಯಾಂಕ್ ಇಳಿಸಿ ತೊಳೆಸುವುದೇ ದಾರಿ. ಪಂಪಿಗೆ ಪೈಪ್ ಜೋಡಿಸಿಕೊಂಡೇ ಗಾಳಿ ಹಾಕಬೇಡಿ, ವಾಲ್ವ್ ಹಾಳಾಗುತ್ತದೆ. ತುಕ್ಕು ಹಿಡಿದ ಟ್ಯಾಂಕಿಗೆ ವೆಲ್ಡಿಂಗ್ ಬೇಕಾದರೆ ಅದನ್ನೇ ಕಸುಬು ಮಾಡಿಕೊಂಡವರಿಗೆ ಕೊಡಿ. ಖಾಲಿ ಟ್ಯಾಂಕಿನೊಳಗಿನ ಆವಿ, ಪೆಟ್ರೋಲ್ ತುಂಬಿದ ಟ್ಯಾಂಕಿಗಿಂತ ಅಪಾಯ.

ನಟ್ ಬಿಚ್ಚುವಾಗ ಯಾವಾಗಲೂ ಎರಡು ಸ್ಪ್ಯಾನರ್ ಬಳಸಿ. ಒಂದು ಪಂಪಿನ ಕಡೆಯದನ್ನು ಹಿಡಿಯಲು, ಇನ್ನೊಂದು ನಟ್ ತಿರುಗಿಸಲು. ಇಲ್ಲದಿದ್ದರೆ ಹಳೇ ಪೈಪ್ ತಿರುಚಿಕೊಳ್ಳುತ್ತದೆ. ಫ್ಲೇರ್ ನಟ್‌ಗೆ (ಪೈಪಿನ ಅಗಲಿಸಿದ ತುದಿಯನ್ನು, ಅಂದರೆ ಫ್ಲೇರನ್ನು, ಒತ್ತಿ ಹಿಡಿಯುವ ನಟ್) ನಲ್ಲಿಯ ಬಿಳಿ ಟೇಪ್ ಸುತ್ತಬೇಡಿ. ಅದರ ಚೂರು ಹೋಗಿ ಕಾರ್ಬೊರೇಟರಿನ ನೀಡಲಿನಲ್ಲಿ ಕೂರುತ್ತದೆ.

"ಸಮತಟ್ಟಿನಲ್ಲಿ ಓಡುತ್ತದೆ, ಘಾಟಿಯಲ್ಲಿ ಸಾಯುತ್ತದೆ"

ಚಾರ್ಮಾಡಿಯಿಂದ ಕೊಟ್ಟಿಗೆಹಾರಕ್ಕೆ ಹತ್ತುವಾಗ ಜೀಪಿನ ಮೂತಿ ಮೇಲಿರುತ್ತದೆ, ಹಿಂದಿನ ಟ್ಯಾಂಕ್ ಪಂಪಿಗಿಂತ ಕೆಳಗೆ ಹೋಗುತ್ತದೆ. ಎಂಜಿನ್ ಜಾಸ್ತಿ ಪೆಟ್ರೋಲ್ ಕೇಳುವುದೂ ಆಗಲೇ. ಸಮತಟ್ಟಿನಲ್ಲಿ ಹೇಗೋ ಸಾಗಿಸುತ್ತಿದ್ದ ಪಂಪ್ ಇಲ್ಲಿ ಸೋಲುತ್ತದೆ. ಅಂದರೆ ತೊಂದರೆ ಹೊಸದಲ್ಲ, ಮೊದಲೇ ಇದ್ದದ್ದು ಏರಿನಲ್ಲಿ ಬಯಲಾಯಿತು ಅಷ್ಟೇ.

ಜೀಪು ತಡವರಿಸಲು ಶುರು ಮಾಡಿದಾಗ ಚೋಕ್ ಅರ್ಧ ಎಳೆದು ನೋಡಿ. ಸ್ವಲ್ಪ ಹೊತ್ತು ಚೇತರಿಸಿಕೊಂಡರೆ ಪೆಟ್ರೋಲ್ ಸಾಲುತ್ತಿಲ್ಲ ಎಂಬುದು ಖಚಿತ.

ಅಗ್ಗದ ಪರೀಕ್ಷೆ ಟ್ಯಾಂಕಿನ ಮುಚ್ಚಳ. ನಿಂತ ಕೂಡಲೇ ಮುಚ್ಚಳ ತೆಗೆಯಿರಿ. ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡರೆ, ಆಮೇಲೆ ಜೀಪು ಸ್ಟಾರ್ಟ್ ಆಗಿ ಚೆನ್ನಾಗಿ ಓಡಿದರೆ, ಮುಚ್ಚಳದ ಗಾಳಿ ತೂತು ಮುಚ್ಚಿದೆ. ತೊಳೆಯಿರಿ, ಇಲ್ಲವೇ ಗಾಳಿ ತೂತು ಇರುವ ಸರಿಯಾದ ಮುಚ್ಚಳ ಹಾಕಿ. ಬೇರೆ ಯಾವುದೋ ಗಾಡಿಯ ಮುಚ್ಚಳ ಹಾಕಿಕೊಂಡ ಜೀಪುಗಳಲ್ಲಿ ಇದು ಸಾಮಾನ್ಯ.

ಮುಚ್ಚಳ, ಬಟ್ಟಲು, ಪೈಪ್ ಎಲ್ಲ ಸರಿ ಇದ್ದರೆ ಒತ್ತಡ ಅಳೆಯಬೇಕು. ಸಣ್ಣ ಒತ್ತಡ ಅಳೆಯುವ ಗೇಜನ್ನು ಟಿ ಜಾಯಿಂಟ್ ಹಾಕಿ ಕಾರ್ಬೊರೇಟರಿನ ಹತ್ತಿರ ಜೋಡಿಸಿ. ಟಯರ್ ಗೇಜಿನಲ್ಲಿ ಇಷ್ಟು ಸಣ್ಣ ಒತ್ತಡ ಸರಿಯಾಗಿ ಕಾಣುವುದಿಲ್ಲ. 2.5 ಪಿಎಸ್‌ಐಗಿಂತ ಕಡಿಮೆ ಇದ್ದರೆ ಸ್ಪ್ರಿಂಗ್ ಸೋತಿದೆ, ಡಯಾಫ್ರಾಮ್ ಗಟ್ಟಿಯಾಗಿದೆ, ಇಲ್ಲವೇ ಲಿವರಿನ ತುದಿ ಮತ್ತು ಪಿನ್ ಸವೆದಿದೆ. ಲಿವರ್ ಸ್ವಲ್ಪ ಸವೆದರೂ ಡಯಾಫ್ರಾಮಿನ ಓಟ ಕಮ್ಮಿಯಾಗುತ್ತದೆ. ಪಂಪಿಗೂ ಎಂಜಿನ್ನಿಗೂ ನಡುವೆ ದಪ್ಪ ಪ್ಯಾಕಿಂಗ್ ಹಾಕಿದ್ದರೂ ಇದೇ ಕಥೆ, ಲಿವರ್ ಕ್ಯಾಮಿನಿಂದ ದೂರ ಸರಿಯುತ್ತದೆ. ಸೋರುತ್ತದೆ ಅಂತ ಪ್ಯಾಕಿಂಗ್ ಮೇಲೆ ಪ್ಯಾಕಿಂಗ್ ಹಾಕುವುದು ಬೇಡ.

ಎಂಜಿನ್ ನಿಲ್ಲಿಸಿದ ಮೇಲೂ ಗೇಜನ್ನು ನೋಡುತ್ತಿರಿ. ಮುಳ್ಳು ನಿಧಾನವಾಗಿ ಇಳಿಯಬೇಕು. ತಕ್ಷಣ ಸೊನ್ನೆಗೆ ಬಿದ್ದರೆ ವಾಲ್ವ್ ಸೋರುತ್ತಿದೆ, ಇಲ್ಲವೇ ಕಾರ್ಬೊರೇಟರಿನ ನೀಡಲ್ ಮುಚ್ಚುತ್ತಿಲ್ಲ.

"ಬಿಸಿಯಾದಾಗ ನಿಲ್ಲುತ್ತದೆ, ಅರ್ಧ ಗಂಟೆ ಬಿಟ್ಟರೆ ಸ್ಟಾರ್ಟ್ ಆಗುತ್ತದೆ"

ಏಪ್ರಿಲ್ ಬಿಸಿಲು, ಮೊದಲ ಗೇರು, ತೋಟದ ಏರು ದಾರಿ. ಪಂಪ್ ಎಗ್ಜಾಸ್ಟ್ ಮ್ಯಾನಿಫೋಲ್ಡಿನ ಬದಿಯಲ್ಲೇ ಇರುವುದರಿಂದ ಒಳಗಿನ ಪೆಟ್ರೋಲ್ ಕುದಿದು ಆವಿಯಾಗುತ್ತದೆ. ಪಂಪ್ ದ್ರವವನ್ನು ಎಳೆಯಬಲ್ಲದು, ಆವಿಯನ್ನು ಎಳೆಯಲಾರದು. ಇದಕ್ಕೆ ವೇಪರ್ ಲಾಕ್ ಎನ್ನುತ್ತಾರೆ.

ಆದರೆ ಬಿಸಿಯಾದಾಗ ಕಾಯಿಲ್ ಮತ್ತು ಕಂಡೆನ್ಸರ್ ಕೂಡ ಕೈ ಕೊಡುತ್ತವೆ, ತಣ್ಣಗಾದ ಮೇಲೆ ಸರಿಯಾಗುತ್ತವೆ. ಎರಡನ್ನೂ ಬೇರೆ ಮಾಡಿ ತಿಳಿಯಬೇಕು. ಪೆಟ್ರೋಲ್ ನಿಂತರೆ ಎಂಜಿನ್ ತಡವರಿಸಿ, ಎಳೆದಾಡಿ ನಿಲ್ಲುತ್ತದೆ. ಕಿಡಿ ನಿಂತರೆ ಸ್ವಿಚ್ ಆರಿಸಿದಂತೆ ಒಮ್ಮೆಲೇ ನಿಲ್ಲುತ್ತದೆ. ನಿಂತ ಕೂಡಲೇ, ತಣ್ಣಗಾಗಲು ಬಿಡದೆ, ಮೊದಲೇ ಹೇಳಿದಂತೆ ಕಾರ್ಬೊರೇಟರಿನ ಬಾಯಿಯಲ್ಲಿ ಧಾರೆ ಚಿಮ್ಮುತ್ತದಾ ನೋಡಿ. ಬಿಸಿ ಎಂಜಿನ್ ಮೇಲೆ ಮಾಡಬಹುದಾದ ಪರೀಕ್ಷೆ ಇದೊಂದೇ. ಪೈಪ್ ಬಿಚ್ಚುವ ಕೆಲಸಕ್ಕೆ ಕೈ ಹಾಕಬೇಡಿ, ಪೆಟ್ರೋಲ್ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ.

ದಾರಿಯಲ್ಲಿ ಪರಿಹಾರ ಎಲ್ಲ ಹಳೇ ಡ್ರೈವರುಗಳಿಗೂ ಗೊತ್ತಿರುವುದೇ, ಪಂಪಿಗೆ ಒದ್ದೆ ಬಟ್ಟೆ ಸುತ್ತುವುದು. ಹಿಂಡಿದ ಬಟ್ಟೆ ಸುತ್ತಿ, ಬಾನೆಟ್ ತೆರೆದಿಟ್ಟು ಕಾಯಿರಿ. ಬಟ್ಟೆಯ ತುದಿ ಫ್ಯಾನಿಗೆ ಸಿಗದಂತೆ ಕಟ್ಟಿ. ನೀರು ಸುರಿಯಬೇಡಿ. ಕಾದ ಎರಕದ ಮ್ಯಾನಿಫೋಲ್ಡ್ ಮೇಲೆ ತಣ್ಣೀರು ಬಿದ್ದರೆ ಬಿರುಕು ಬಿಡುತ್ತದೆ.

ಪದೇ ಪದೇ ಆಗುತ್ತಿದ್ದರೆ ಕಾರಣ ಹುಡುಕಿ. ಪೈಪ್ ಮ್ಯಾನಿಫೋಲ್ಡಿಗೆ ತಾಗಿಕೊಂಡು ಹೋಗಿದೆಯಾ? ದೂರ ಸರಿಸಿ. ಮ್ಯಾನಿಫೋಲ್ಡಿಗೂ ಪಂಪಿಗೂ ನಡುವೆ ಒಂದು ತಗಡಿನ ಮರೆ ಕಟ್ಟಿಸಿ. ರೇಡಿಯೇಟರ್, ಟೈಮಿಂಗ್ ಸರಿ ಇದೆಯಾ ನೋಡಿ, ಎಂಜಿನ್ ಅತಿಯಾಗಿ ಕಾಯುವುದಕ್ಕೆ ಅವೂ ಕಾರಣ. ಎಳೆಯುವ ಬದಿಯಲ್ಲಿ ಸ್ವಲ್ಪ ಕಸ ಕಟ್ಟಿದ್ದರೂ ವೇಪರ್ ಲಾಕ್ ಬೇಗ ಆಗುತ್ತದೆ. ಪೈಪಿನಲ್ಲಿ ಒತ್ತಡ ಕಮ್ಮಿಯಾದಷ್ಟೂ ಪೆಟ್ರೋಲ್ ಕಡಿಮೆ ಬಿಸಿಗೇ ಕುದಿಯುತ್ತದೆ. ಹಾಗಾಗಿ ಇಲ್ಲೂ ಮೊದಲು ಬಟ್ಟಲು, ಜಾಲರಿ, ಪೈಪ್.

"ಪಂಪಿನ ಕೆಳಗೆ ಹನಿ ಬೀಳುತ್ತಿದೆ"

ಹನಿ ಎಲ್ಲಿಂದ ಎಂಬುದೇ ಮುಖ್ಯ. ಪಂಪನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ, ಪ್ರೈಮಿಂಗ್ ಲಿವರ್ ಇದ್ದರೆ ಅದನ್ನು ಒತ್ತುತ್ತಾ ನೋಡಿ. ಬಟ್ಟಲಿನ ಅಂಚಿನಿಂದ ಬಂದರೆ ಕಾರ್ಕ್ ಪ್ಯಾಕಿಂಗ್. ನಟ್ ಹತ್ತಿರ ಬಂದರೆ ಫ್ಲೇರ್ ಬಿರಿದಿದೆ ಇಲ್ಲವೇ ನಟ್ ಸಡಿಲ. ಪಂಪಿನ ಎರಡು ಹೋಳು ಸೇರುವ ಜಾಗದಿಂದ ಬಂದರೆ ಸುತ್ತಲಿನ ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಪಂಪಿನ ಕೆಳ ಹೋಳಿನಲ್ಲಿ ಒಂದು ಪುಟ್ಟ ತೂತು ಇದೆ. ಅದನ್ನು ಬೇಕೆಂದೇ ಬಿಟ್ಟಿರುತ್ತಾರೆ. ಡಯಾಫ್ರಾಮ್ ಹರಿದರೆ ಪೆಟ್ರೋಲ್ ಅಲ್ಲಿಂದ ಹೊರಗೆ ಬಂದು ನಿಮಗೆ ತಿಳಿಯಲಿ ಎಂದು. ಆ ತೂತಿನಿಂದ ಪೆಟ್ರೋಲ್ ಹನಿದರೆ ಜೀಪನ್ನು ಅಲ್ಲೇ ನಿಲ್ಲಿಸಿ. ಮನೆ ಎರಡೇ ಕಿಲೋಮೀಟರ್ ಎಂದು ಓಡಿಸಬೇಡಿ. ಪಕ್ಕದಲ್ಲೇ ಕಾದ ಮ್ಯಾನಿಫೋಲ್ಡ್ ಇದೆ. ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ. ತೂತಿನಿಂದ ಎಂಜಿನ್ ಆಯಿಲ್ ಬಂದರೆ ಡಯಾಫ್ರಾಮನ್ನು ಎಳೆಯುವ ಕಡ್ಡಿಯ ಆಯಿಲ್ ಸೀಲ್ ಹೋಗಿದೆ. ಅದು ತುರ್ತಲ್ಲ, ಆದರೆ ಮುಂದೆ ಡಯಾಫ್ರಾಮನ್ನೂ ಹಾಳು ಮಾಡುತ್ತದೆ. ಸೋರುತ್ತದೆ ಎಂದು ಆ ತೂತಿಗೆ ಎಂ-ಸೀಲ್ ಬಳಿದಿರುವ ಪಂಪುಗಳೂ ಸಿಗುತ್ತವೆ. ಎಂದಿಗೂ ಹಾಗೆ ಮಾಡಬೇಡಿ. ಹೊರಗೆ ಬರಲಾಗದ ಪೆಟ್ರೋಲ್ ಎಂಜಿನ್ನೊಳಗೆ ಇಳಿಯುತ್ತದೆ.

ಟ್ಯಾಂಕಿನ ಸಣ್ಣ ಸೋರಿಕೆಗೆ ಬಟ್ಟೆ ಸೋಪು ಮೆತ್ತುವ ಉಪಾಯ ನಿಜಕ್ಕೂ ಕೆಲಸ ಮಾಡುತ್ತದೆ, ಸೋಪು ಪೆಟ್ರೋಲಿಗೆ ಕರಗುವುದಿಲ್ಲ. ಅದು ಗ್ಯಾರೇಜು ಮುಟ್ಟುವವರೆಗೆ ಮಾತ್ರ. ಎಂಜಿನ್ ಹತ್ತಿರದ ಯಾವ ಸೋರಿಕೆಗೂ ಸೋಪು ಬೇಡ.

"ಆಯಿಲ್ ಪೆಟ್ರೋಲ್ ವಾಸನೆ ಬರುತ್ತಿದೆ"

ಡಿಪ್‌ಸ್ಟಿಕ್ ಎಳೆದು ಮೂಸಿ ನೋಡಿ. ಪೆಟ್ರೋಲ್ ವಾಸನೆ ಇದ್ದು, ಆಯಿಲ್ ಮಟ್ಟ ಮೊದಲಿಗಿಂತ ಮೇಲೇರಿದ್ದರೆ, ಬೆರಳಲ್ಲಿ ಉಜ್ಜಿದಾಗ ನೀರಿನಂತೆ ತೆಳ್ಳಗಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ತೆಳು ಆಯಿಲಿನಲ್ಲಿ ಬೇರಿಂಗ್ ಸವೆದು ಹೋಗುತ್ತದೆ, ಸಂಪಿನೊಳಗಿನ (ಎಂಜಿನ್ನಿನ ತಳದ ಆಯಿಲ್ ತೊಟ್ಟಿ) ಪೆಟ್ರೋಲ್ ಆವಿ ಸಿಡಿಯಲೂಬಹುದು. ಕಾರಣ ಎರಡು ಇರಬಹುದು. ಡಯಾಫ್ರಾಮ್ ಹರಿದು ಪೆಟ್ರೋಲ್ ಕೆಳಗಿಳಿದಿರಬಹುದು, ಅಥವಾ ಕಾರ್ಬೊರೇಟರ್ ತುಂಬಿ ಹರಿದು ಸಿಲಿಂಡರಿಗೆ ಇಳಿದಿರಬಹುದು. ಎರಡನ್ನೂ ನೋಡಿ ಸರಿಪಡಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಾಯಿಸಿದ ಮೇಲೆಯೇ ಸ್ಟಾರ್ಟ್ ಮಾಡಬೇಕು.

ಎಲೆಕ್ಟ್ರಿಕ್ ಪಂಪ್ ಹಾಕಿಸಿಕೊಂಡವರು ಇದನ್ನು ಜಾಸ್ತಿ ಗಮನಿಸಬೇಕು. ಹಳೇ ಪಂಪನ್ನು ಹಾಗೇ ಬಿಟ್ಟು ಅದರ ಮೂಲಕವೇ ಪೆಟ್ರೋಲ್ ಕಳಿಸಿದರೆ, ಡಯಾಫ್ರಾಮ್ ಹರಿದ ದಿನ ಎಲೆಕ್ಟ್ರಿಕ್ ಪಂಪ್ ಪೆಟ್ರೋಲನ್ನು ಸಂಪಿಗೆ ಸುರಿಯುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಬೇಕೇ ಬೇಕಾದರೆ ಹಳೇ ಪಂಪ್ ತೆಗೆದು ಪ್ಲೇಟ್ ಹಾಕಿ ಮುಚ್ಚಿ, ಒತ್ತಡ ಕಡಿಮೆ ಇರುವ ಪಂಪನ್ನೇ ಆರಿಸಿ, ಎಂಜಿನ್ ನಿಂತರೆ ತಾನೂ ನಿಲ್ಲುವ ಹಾಗೆ ಆಯಿಲ್ ಪ್ರೆಷರ್ ಸ್ವಿಚ್ ಕೊಡಿಸಿ. ನನ್ನ ಕೇಳಿದರೆ, ಸರಿಯಾದ ರಿಪೇರಿ ಕಿಟ್ (ಡಯಾಫ್ರಾಮ್ ಮುಂತಾದ ಬಿಡಿಭಾಗಗಳ ಕಟ್ಟು) ಹಾಕಿದ ಹಳೇ ಪಂಪೇ ಈ ಎಂಜಿನ್ನಿಗೆ ಒಳ್ಳೆಯದು. ವೈರಿಂಗ್ ಇಲ್ಲ, ಎಂಜಿನ್ ನಿಂತ ಕೂಡಲೇ ಪಂಪೂ ನಿಲ್ಲುತ್ತದೆ.

"ಕಪ್ಪು ಹೊಗೆ, ಕಾರ್ಬೊರೇಟರ್ ತುಂಬಿ ಹರಿಯುತ್ತದೆ"

ಮೊದಲು ನೀಡಲಿನಲ್ಲಿ ಕಸ ಕೂತಿದೆಯಾ, ಫ್ಲೋಟಿನೊಳಗೆ (ಕಾರ್ಬೊರೇಟರಿನಲ್ಲಿ ತೇಲುವ ಟೊಳ್ಳು ಬುರುಡೆ) ಪೆಟ್ರೋಲ್ ತುಂಬಿ ಮುಳುಗಿದೆಯಾ ನೋಡಿ. ಅವೆರಡೂ ಸರಿ ಇದ್ದು, ಹೊಸ ಪಂಪ್ ಹಾಕಿದ ಮೇಲೆಯೇ ಇದು ಶುರುವಾಗಿದ್ದರೆ ಗೇಜ್ ಹಾಕಿ. ಒತ್ತಡ 3.75 ಪಿಎಸ್‌ಐ ಮೀರಿದರೆ ಸ್ಪ್ರಿಂಗ್ ಗಡಸಾಯಿತು. ಅಂಗಡಿಯಲ್ಲಿ ಬೋಲ್ಟ್ ತೂತು ಹೊಂದುವ ಬೇರೆ ಗಾಡಿಯ ಪಂಪನ್ನು ಜೀಪಿನದೆಂದು ಕೊಡುವುದುಂಟು. ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ, ಲಿವರಿನ ಉದ್ದ, ಬಾಗು ಎರಡನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿ ತನ್ನಿ.

"ಪಂಪಿನ ಕಡೆಯಿಂದ ಟಿಕ್ ಟಿಕ್ ಸದ್ದು"

ಎರಡು ಬೋಲ್ಟ್ ಸಡಿಲವಾಗಿವೆಯಾ ನೋಡಿ, ಸದ್ದು ಅಲ್ಲಿಗೇ ಮುಗಿಯಬಹುದು. ಉದ್ದನೆಯ ಸ್ಕ್ರೂಡ್ರೈವರಿನ ತುದಿ ಪಂಪಿಗೆ, ಹಿಡಿ ಕಿವಿಗೆ ಇಟ್ಟರೆ ಟ್ಯಾಪೆಟ್ ಸದ್ದೋ ಪಂಪಿನದೋ ತಿಳಿಯುತ್ತದೆ. ಫ್ಯಾನಿನ ಹತ್ತಿರ ಕೈ, ಬಟ್ಟೆ ಹೋಗದಂತೆ ನೋಡಿಕೊಳ್ಳಿ. ಲಿವರನ್ನು ಕ್ಯಾಮಿಗೆ ಒತ್ತಿ ಹಿಡಿಯುವ ಸಣ್ಣ ಸ್ಪ್ರಿಂಗ್ ಮುರಿದರೂ ಹೀಗೇ ಬಡಿಯುತ್ತದೆ.

ಕೆಲವು ಹಳೆಯ ವಿಲ್ಲೀಸ್ ಎಂಜಿನ್‌ಗಳಲ್ಲಿ ಪಂಪ್ ಎರಡು ಅಂತಸ್ತಿನದು. ಒಂದು ಪೆಟ್ರೋಲಿಗೆ, ಇನ್ನೊಂದು ವೈಪರಿನ ವ್ಯಾಕ್ಯೂಮ್‌ಗೆ. ಅಂಥದ್ದರಲ್ಲಿ ವೈಪರ್ ಸೋತು, ಸೈಲೆನ್ಸರಿನಿಂದ ನೀಲಿ ಹೊಗೆಯೂ ಬಂದರೆ ರಿಂಗ್ ಹೋಗಿದೆ ಎಂದು ಎಂಜಿನ್ ಬಿಚ್ಚಬೇಡಿ. ವ್ಯಾಕ್ಯೂಮ್ ಬದಿಯ ಡಯಾಫ್ರಾಮ್ ಹರಿದು, ಇನ್‌ಟೇಕ್ ಮ್ಯಾನಿಫೋಲ್ಡ್ (ಎಂಜಿನ್ ಉಸಿರೆಳೆಯುವ ಕೊಳವೆ) ಅದರ ಮೂಲಕ ಆಯಿಲ್ ಎಳೆಯುತ್ತಿರಬಹುದು. ಪಂಪಿನ ವ್ಯಾಕ್ಯೂಮ್ ಪೈಪನ್ನು ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಬಿಚ್ಚಿ, ಅಲ್ಲಿನ ತೂತು ಮುಚ್ಚಿ ಓಡಿಸಿ ನೋಡಿ.

ಪಂಪನ್ನೇ ಬಿಚ್ಚಬೇಕಾದಾಗ

ಹೊರಗೆ ತೆಗೆದ ಪಂಪನ್ನು ಕೈಯಲ್ಲೇ ಪರೀಕ್ಷಿಸಬಹುದು. ಒಳಬಾಯಿಗೆ ಹೆಬ್ಬೆರಳು ಒತ್ತಿ ಲಿವರನ್ನು ನಾಲ್ಕಾರು ಸಲ ಆಡಿಸಿ. ಬೆರಳನ್ನು ಹಿಡಿದೆಳೆಯಬೇಕು, ಆ ಹಿಡಿತ ಕೆಲವು ಸೆಕೆಂಡ್ ಉಳಿಯಬೇಕು. ಉಳಿಯದಿದ್ದರೆ ಕಿಟ್ ಹಾಕುವ ಹೊತ್ತು ಬಂದಿದೆ.

ಕಿಟ್ ಕೊಳ್ಳುವಾಗ ಎಥನಾಲ್ ತಡೆಯುವ ಡಯಾಫ್ರಾಮ್ ಕೇಳಿ. 2023ರಿಂದ ಇ20 ಬಂಕುಗಳಿಗೆ ಬರಲು ಶುರುವಾಯಿತು, ಈಗ ಎಲ್ಲೆಡೆ ಅದೇ. ಶೇಕಡಾ 20 ಎಥನಾಲ್ ಇರುವ ಪೆಟ್ರೋಲಿನಲ್ಲಿ ಹಳೇ ಮಾದರಿಯ ರಬ್ಬರ್ ಉಬ್ಬುತ್ತದೆ, ಗಟ್ಟಿಯಾಗುತ್ತದೆ, ಬಿರಿಯುತ್ತದೆ. ವರ್ಷಗಟ್ಟಲೆ ಅಂಗಡಿಯ ಅಟ್ಟದಲ್ಲಿದ್ದ ಒರಿಜಿನಲ್ ಕಿಟ್ ನೋಡಲು ಚಂದ, ಆದರೆ ಈಗಿನ ಪೆಟ್ರೋಲಿಗೆ ಅದು ಬೇಡ. ಪೈಪ್‌ಗಳಿಗೂ ಇದೇ ಮಾತು.

ಎರಡು ಹೋಳು ಬೇರೆ ಮಾಡುವ ಮೊದಲು ಅಂಚಿನ ಮೇಲೆ ಅಡ್ಡಲಾಗಿ ಒಂದು ಗೀರು ಎಳೆಯಿರಿ. ಜೋಡಿಸುವಾಗ ಗೀರು ಗೀರಿಗೆ ಕೂಡಬೇಕು, ಇಲ್ಲದಿದ್ದರೆ ಪೈಪಿನ ಬಾಯಿಗಳು ಬೇರೆ ದಿಕ್ಕಿಗೆ ತಿರುಗುತ್ತವೆ. ವಾಲ್ವ್‌ಗಳು ಎರಡೂ ಒಂದೇ ಥರ ಕಾಣುತ್ತವೆ, ಆದರೆ ಒಂದು ಮೇಲ್ಮುಖ, ಒಂದು ಕೆಳಮುಖ. ತೆಗೆಯುವ ಮೊದಲು ಫೋಟೊ ತೆಗೆದುಕೊಳ್ಳಿ. ಡಯಾಫ್ರಾಮ್ ಕೂರಿಸಿ ಸ್ಕ್ರೂಗಳನ್ನು ಸಡಿಲವಾಗಿ ಹಾಕಿ. ಲಿವರನ್ನು ಪೂರ್ತಿ ಒತ್ತಿ ಹಾಗೇ ಹಿಡಿದುಕೊಂಡು, ಆಮೇಲೆ ಎದುರುಬದುರಾಗಿ ಬಿಗಿ ಮಾಡಿ. ಹೀಗೆ ಮಾಡಿದರೆ ಡಯಾಫ್ರಾಮಿಗೆ ಬೇಕಾದಷ್ಟು ಸಡಿಲ ಸಿಗುತ್ತದೆ. ಸಡಿಲ ಬಿಡದೆ ಬಿಗಿದರೆ ಅದು ಚರ್ಮ ಬಿಗಿದಂತೆ ನಿಂತು, ಓಟ ಸಾಲದೆ ಬೇಗ ಹರಿಯುತ್ತದೆ. ಹೊಸ ಕಿಟ್ ಹಾಕಿದ ತಿಂಗಳಲ್ಲೇ ಪಂಪ್ ಕೆಡುವುದಕ್ಕೆ ಇದು ದೊಡ್ಡ ಕಾರಣ.

ಎಂಜಿನ್ನಿಗೆ ಮತ್ತೆ ಕೂರಿಸುವಾಗ ಲಿವರ್ ಕ್ಯಾಮಿನ ಉಬ್ಬಿನ ಮೇಲೆ ಸರಿಯಾಗಿ ಒರಗಬೇಕು. ಹ್ಯಾಂಡಲ್ ಹಾಕಿ ಎಂಜಿನ್ ತಿರುಗಿಸಿ ಉಬ್ಬು ಆಚೆ ಹೋಗುವಂತೆ ಮಾಡಿ, ಆಗ ಪಂಪ್ ಸುಲಭವಾಗಿ ಕೂರುತ್ತದೆ. ಎರಡೂ ಬೋಲ್ಟ್‌ಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ. ಪಂಪ್ ಅಂತರದಲ್ಲೇ ನಿಂತಿದ್ದರೆ ಬೋಲ್ಟಿನಿಂದ ಎಳೆದು ಕೂರಿಸಲು ಹೋಗಬೇಡಿ, ಲಿವರ್ ತಪ್ಪು ಕಡೆ ಸಿಕ್ಕಿಕೊಂಡಿರುತ್ತದೆ, ಸೆಲ್ಫ್ ಹೊಡೆದ ಕೂಡಲೇ ಮುರಿಯುತ್ತದೆ. ಬಿಚ್ಚಿದಾಗಲೇ ಲಿವರಿನ ಚೂರು ಕಾಣೆಯಾಗಿದ್ದರೆ, ಅಥವಾ ಕ್ಯಾಮಿನ ಉಬ್ಬೇ ಸವೆದು ಗೀರಾಗಿದ್ದರೆ ಕೆಲಸ ಅಲ್ಲಿಗೇ ನಿಲ್ಲಿಸಿ, ಈ ಎಂಜಿನ್ ಬಲ್ಲ ಮೆಕ್ಯಾನಿಕ್ಕನ್ನು ಕರೆಸಿ. ಆ ಚೂರು ಸಂಪಿನಲ್ಲಿರುತ್ತದೆ, ಹೊರಗೆ ತೆಗೆಯದೆ ಎಂಜಿನ್ ತಿರುಗಿಸಬಾರದು.

ಎಲ್ಲ ಜೋಡಿಸಿದ ಮೇಲೆ ಕಾಯಿಲ್ ವೈರ್ ಹಾಕುವ ಮೊದಲೇ ಸೆಲ್ಫ್ ಹೊಡೆದು ಬಟ್ಟಲು ತುಂಬಿಸಿಕೊಳ್ಳಿ, ಎಲ್ಲ ನಟ್ ಸುತ್ತ ಒಣ ಬೆರಳು ಆಡಿಸಿ ನೋಡಿ. ಒಣಗಿದ್ದರೆ ಸ್ಟಾರ್ಟ್ ಮಾಡಿ, ಹತ್ತು ನಿಮಿಷ ಓಡಿಸಿ ನಿಲ್ಲಿಸಿ, ಕೆಳಗಿನ ತೂತನ್ನೂ ಎಂಜಿನ್ ಕಡೆಯ ಪ್ಯಾಕಿಂಗನ್ನೂ ಟಾರ್ಚ್ ಹಾಕಿ ನೋಡಿ. ಮರುದಿನ ಬೆಳಿಗ್ಗೆ ಗಾಡಿ ತೆಗೆಯುವ ಮೊದಲು ಡಿಪ್‌ಸ್ಟಿಕ್ ಎಳೆದು ಒಮ್ಮೆ ಮೂಸಿ ನೋಡಿ.